ಕೊಡಗಿನ ತೇವದಲ್ಲಿ ಹಳೆಯ ಕಂಪ್ಯೂಟರ್ ಮತ್ತು ಗೇಮ್ ಕನ್ಸೋಲ್: ಸಂಗ್ರಹಕ್ಕೂ ದುರಸ್ತಿಗೂ ಒಂದು ಮಾರ್ಗದರ್ಶಿ

ಹಳೆಯ ಕಂಪ್ಯೂಟರ್ ಕೈಗೆ ಸಿಕ್ಕಾಗ ಯಾರಿಗೇ ಆದರೂ ಮೊದಲು ಹುಟ್ಟುವ ಆಸೆಯೆಂದರೆ ಅದನ್ನು ಪ್ಲಗ್ಗಿಗೆ ಸಿಕ್ಕಿಸಿ ಪರದೆಯ ಮೇಲೆ ಏನು ಮೂಡುತ್ತದೆಂದು ನೋಡುವುದು. ಕೊಡಗಿನಲ್ಲಿ ಈ ಆಸೆಯನ್ನು ಕೆಲವು ವಾರಗಳ ಕಾಲ ತಡೆದುಕೊಳ್ಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆಯೇ ಒಣಗದ ಊರುಗಳಲ್ಲಿ ಇಪ್ಪತ್ತು, ಮೂವತ್ತು ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದ ಯಂತ್ರದ ಒಳಗೆ ತೇವ ಎಲ್ಲೆಲ್ಲಿ ಕುಳಿತಿದೆ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ಒಣ ಸೀಮೆಯ ಸಂಗ್ರಾಹಕರಿಗಾಗಿ ಬರೆದ ಸಲಹೆಗಳು ಇಲ್ಲಿ ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬರುತ್ತವೆ; ಉಳಿದ ಅರ್ಧವನ್ನು ನಮ್ಮ ಹವೆಗೆ ತಕ್ಕಂತೆ ನಾವೇ ರೂಢಿಸಿಕೊಳ್ಳಬೇಕು. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಓದುಗರು ಮುಂದೆ ಹೇಳುವ ಎಚ್ಚರಿಕೆಗಳನ್ನು ಪೂರ್ತಿಯಾಗಿ ಪಾಲಿಸಬೇಕು. ಮಳೆ ಕಡಿಮೆ ಬೀಳುವ ಕುಶಾಲನಗರದ ಕಡೆಯವರು ಅಲ್ಪಸ್ವಲ್ಪ ಸಡಿಲಿಸಿಕೊಳ್ಳಬಹುದು.

ಏನನ್ನು ಕೂಡಿಸಬೇಕು, ಎಲ್ಲಿ ಹುಡುಕಬೇಕು

ಸಂಗ್ರಹ ಆರಂಭಿಸುವ ಮುನ್ನ ಅದರ ವ್ಯಾಪ್ತಿಯನ್ನು ಗೊತ್ತುಮಾಡಿಕೊಳ್ಳಿ. ಹೊರದೇಶದ ಹೆಸರಾಂತ ಯಂತ್ರಗಳನ್ನು ದುಡ್ಡು ಕೊಟ್ಟು ತರಿಸಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಕೊಡಗಿನಲ್ಲೇ ಬಾಳಿ, ಇಲ್ಲಿನ ಕೆಲಸಕ್ಕೆ ಬಳಕೆಯಾದ ಯಂತ್ರವನ್ನು ಇಲ್ಲಿನವರೇ ಉಳಿಸಿಕೊಳ್ಳದಿದ್ದರೆ ಬೇರಾರೂ ಉಳಿಸುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಯಂತ್ರಗಳ ಸ್ಥೂಲ ಪರಿಚಯ ಹುಡುಕಾಟಕ್ಕೆ ನೆರವಾಗುತ್ತದೆ. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳು ಬಂದವು. 1982ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಭಾರತದಲ್ಲಿ ‘ಡಿಬಿ ಸ್ಪೆಕ್ಟ್ರಮ್’ ಎಂಬ ಹೆಸರಿನಲ್ಲಿಯೂ ಮಾರಾಟವಾಯಿತು. 1990ರ ದಶಕದಲ್ಲಿ ಮಕ್ಕಳ ಕೈಗೆ ಬಂದ ‘ಟಿವಿ ಗೇಮ್’ಗಳಲ್ಲಿ ಬಹುಪಾಲು 1983ರಲ್ಲಿ ಜಪಾನಿನಲ್ಲಿ ಹೊರಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು, ಲಿಟಲ್ ಮಾಸ್ಟರ್, ಮೀಡಿಯಾ ಮುಂತಾದ ಹೆಸರುಗಳು ಆ ಕಾಲದಲ್ಲಿ ಬೆಳೆದವರಿಗೆ ನೆನಪಿರುತ್ತವೆ. ಇವುಗಳ ಜೊತೆಗೆ ಎಚ್‌ಸಿಎಲ್, ವಿಪ್ರೋ, ಝೆನಿತ್ ಕಂಪನಿಗಳ 286, 386, 486 ಎಂಬ ಪ್ರೊಸೆಸರ್ ತಲೆಮಾರುಗಳ ಪಿಸಿಗಳಿವೆ.

ಕೊಡಗಿನಲ್ಲಿ ಹುಡುಕಬೇಕಾದ ಮೊದಲ ಜಾಗ ಕಾಫಿ ತೋಟದ ಆಫೀಸು. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕಗಳಿಗೆಂದು ತಂದ ಪಿಸಿಗಳು ಹೊಸದು ಬಂದ ಮೇಲೆ ಗೋದಾಮಿನ ಮೂಲೆ ಸೇರಿರುತ್ತವೆ. ಕಾಫಿ ಮಾರಾಟ 1996ರಲ್ಲಿ ಪೂರ್ತಿಯಾಗಿ ಮುಕ್ತವಾಯಿತು. ಆ ವರ್ಷಗಳ ಲೆಕ್ಕಪತ್ರ ಇಂತಹ ಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದರೆ ಅದು ಜಿಲ್ಲೆಯ ಚರಿತ್ರೆಯ ತುಣುಕೇ ಸರಿ. ಎರಡನೆಯ ಜಾಗ ಸೈನ್ಯದಲ್ಲಿದ್ದು ನಿವೃತ್ತರಾದವರ ಮನೆಗಳು ಮತ್ತು ಗಲ್ಫ್ ದೇಶಗಳಲ್ಲಿ ದುಡಿದು ಬಂದವರ ಮನೆಗಳು. ರಜೆಗೆ ಬರುವಾಗ ಮಕ್ಕಳಿಗೆಂದು ತಂದ ಕನ್ಸೋಲ್‌ಗಳು ಎಷ್ಟೋ ವೇಳೆ ಪೆಟ್ಟಿಗೆ, ಕೈಪಿಡಿಗಳ ಸಮೇತ ಉಳಿದಿರುತ್ತವೆ. ಮುಚ್ಚಿಹೋದ ಕಂಪ್ಯೂಟರ್ ತರಬೇತಿ ಕೇಂದ್ರಗಳು, ಹಳೆಯ ಡಿಟಿಪಿ ಅಂಗಡಿಗಳು, ಶಾಲೆಗಳ ಸ್ಟೋರ್ ರೂಮುಗಳು, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರಗಳ ಗುಜರಿ ಅಂಗಡಿಗಳು ಆಮೇಲೆ ಬರುತ್ತವೆ. ಗುಜರಿಯವರಿಗೆ ಮೊದಲೇ ಹೇಳಿಟ್ಟಿದ್ದರೆ ಯಂತ್ರವನ್ನು ಒಡೆದು ತಾಮ್ರ ಬೇರೆ ಮಾಡುವ ಮುನ್ನ ನಿಮಗೊಂದು ಮಾತು ತಿಳಿಸುತ್ತಾರೆ.

ಡಿಟಿಪಿ ಅಂಗಡಿಯ ಹಳೆಯ ಪಿಸಿ ಸಿಕ್ಕರೆ ಒಳಗಿನ ಕಾರ್ಡುಗಳನ್ನು ಒಂದೊಂದಾಗಿ ನೋಡಿ. ವಿಂಡೋಸ್‌ಗೆ ಮುಂಚಿನ ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಮೂಡಿಸಲು ಬಳಸುತ್ತಿದ್ದ ‘ಜಿಸ್ಟ್’ ಕಾರ್ಡ್ ಅವುಗಳಲ್ಲಿ ಇರಬಹುದು. ಐಐಟಿ ಕಾನ್ಪುರದಲ್ಲಿ ರೂಪುಗೊಂಡು ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಈ ತಂತ್ರಜ್ಞಾನದ ಕಾರ್ಡು ಗುಜರಿಯವರ ಕಣ್ಣಿಗೆ ಇತರ ಕಾರ್ಡುಗಳಂತೆಯೇ ಕಾಣುತ್ತದೆ. ಕನ್ನಡ ಕಂಪ್ಯೂಟಿಂಗ್ ನಡೆದುಬಂದ ದಾರಿಯನ್ನು ತೋರಿಸುವ ಇಂತಹ ಒಂದು ಕಾರ್ಡು ನನ್ನ ಲೆಕ್ಕದಲ್ಲಿ ಹತ್ತು ವಿದೇಶಿ ಕನ್ಸೋಲ್‌ಗಳಿಗೆ ಸಮ.

ಕೊಡುವವರೊಂದಿಗೆ ಮಾತು

ಯಂತ್ರವನ್ನು ಹೊತ್ತು ತರುವ ಮುನ್ನ ಅದನ್ನು ಬಳಸಿದವರೊಂದಿಗೆ ಕುಳಿತು ಮಾತಾಡಿ. ತೋಟದ ಸಾಹುಕಾರರಿಗಿಂತ ಹೆಚ್ಚಾಗಿ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಯಂತ್ರದ ಗುಣ ಗೊತ್ತಿರುತ್ತದೆ. “ರೈಟರೇ, ಇದು ಕೊನೆಯ ಸಲ ಓಡಿದ್ದು ಯಾವಾಗ? ನಿಂತದ್ದು ಹೇಗೆ, ಸಿಡಿಲಿಗೋ ಅಥವಾ ತನ್ನಷ್ಟಕ್ಕೆ ತಾನೋ?” ಎಂದು ಕೇಳಿ. ಸಿಡಿಲಿಗೆ ಹೋದ ಯಂತ್ರದ ದುರಸ್ತಿಯ ದಾರಿಯೇ ಬೇರೆ, ಸುಮ್ಮನೆ ಮೂಲೆಗೆ ಸರಿಸಿಟ್ಟ ಯಂತ್ರದ ದಾರಿಯೇ ಬೇರೆ. ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಯಂತ್ರದ ಜೊತೆಗೇ ಇಡಿ.

ಹಾರ್ಡ್ ಡಿಸ್ಕ್, ಫ್ಲಾಪಿಗಳಲ್ಲಿ ಆ ಮನೆಯ ಸಾಲ, ಸಂಬಳ, ಪತ್ರವ್ಯವಹಾರಗಳ ವಿವರ ಇರಬಹುದೆಂಬುದನ್ನು ಕೊಡುವವರಿಗೆ ಮೊದಲೇ ತಿಳಿಸಿ. ಮಾಹಿತಿಯನ್ನು ಓದಲು ಸಾಧ್ಯವಾದರೆ ಅದರ ಪ್ರತಿಯನ್ನು ಅವರಿಗೆ ತಲುಪಿಸಿ, ನಿಮ್ಮ ಬಳಿ ಏನು ಉಳಿಯಬಹುದು, ಏನನ್ನು ಅಳಿಸಬೇಕು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಪುಕ್ಕಟೆ ಕೊಟ್ಟರೆಂದ ಮಾತ್ರಕ್ಕೆ ಆ ಮನೆಯ ಗುಟ್ಟನ್ನೂ ಕೊಟ್ಟಂತಾಗುವುದಿಲ್ಲ.

ಮನೆಗೆ ತಂದ ಮೇಲೆ: ಸ್ವಿಚ್ಚಿನಿಂದ ದೂರ

ತಂದ ಯಂತ್ರವನ್ನು ನೇರವಾಗಿ ಇತರ ಯಂತ್ರಗಳ ಪಕ್ಕ ಇಡಬಾರದು. ಬೂಷ್ಟು ಹರಡುತ್ತದೆ, ರಟ್ಟಿನ ಪೆಟ್ಟಿಗೆಯಲ್ಲಿ ಗೆದ್ದಲು ಇರಬಹುದು. ಜಗಲಿಯಲ್ಲಿಯೋ ಬೇರೊಂದು ಕೋಣೆಯಲ್ಲಿಯೋ ಇರಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಹೊರಮೈಯ ಬೂಷ್ಟನ್ನು ಸ್ಪಿರಿಟ್‌ನಲ್ಲಿ ತೋಯಿಸಿ ಹಿಂಡಿದ ಬಟ್ಟೆಯಿಂದ ಒರೆಸಿ. ಒಣ ಬ್ರಷ್ಷಿನಿಂದ ಉಜ್ಜಿದರೆ ಬೂಷ್ಟಿನ ಕಣಗಳು ಗಾಳಿಗೆ ಹಾರಿ ಶ್ವಾಸಕ್ಕೆ ಸೇರುತ್ತವೆ.

ಆಮೇಲೆ ಕವಚ ಬಿಚ್ಚಿ. ಪ್ರತಿ ಹಂತದಲ್ಲೂ ಮೊಬೈಲಿನಿಂದ ಫೋಟೊ ತೆಗೆಯಿರಿ. ಯಾವ ವೈರು ಯಾವ ಮುಖವಾಗಿ ಕುಳಿತಿತ್ತೆಂಬುದು ನೆನಪಿನಲ್ಲಿ ಉಳಿಯುವುದಿಲ್ಲ. ನಮ್ಮ ಕಡೆಯ ಯಂತ್ರಗಳೊಳಗೆ ಹಲ್ಲಿಯ ಮೊಟ್ಟೆ, ಇರುವೆಯ ಗೂಡು, ಜಾಯ್‌ಸ್ಟಿಕ್ ಪೋರ್ಟಿನೊಳಗೆ ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡು ಕಂಡರೆ ಅಚ್ಚರಿಪಡಬೇಕಿಲ್ಲ. ಹಲ್ಲಿಯ ಹಿಕ್ಕೆ ಬೋರ್ಡಿನ ತಾಮ್ರವನ್ನು ತಿನ್ನುವುದರಿಂದ ಅದನ್ನು ಅಂದೇ ತೆಗೆಯಿರಿ. ಮಣ್ಣಿನ ಗೂಡನ್ನು ಲೋಹದ ತುದಿಯಿಂದ ಕೆದಕಬೇಡಿ. ಸ್ವಲ್ಪ ತೋಯಿಸಿ ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಬಿಡಿಸಿ.

ಒಣಗಿಸುವುದಕ್ಕೆ ಬಿಸಿಲಿಗಿಂತ ಗಾಳಿ ಮುಖ್ಯ. ಬಿಚ್ಚಿದ ಭಾಗಗಳನ್ನು ನೆರಳಿನಲ್ಲಿ, ಫ್ಯಾನಿನ ಮುಂದೆ ಒಂದೆರಡು ವಾರ ಇಡಿ. ಅಡುಗೆಮನೆಯ ಒಲೆಯ ಮೇಲಿನ ಅಟ್ಟ ಮೆಣಸಿಗೂ ಬೀಜಕ್ಕೂ ಸರಿ, ಬೋರ್ಡಿಗೆ ಸಲ್ಲದು. ಹೊಗೆಯ ಜಿಡ್ಡು ಅಂಟಿ ಮತ್ತೆ ತೇವವನ್ನು ಹಿಡಿದಿಡುತ್ತದೆ. ಕಾಫಿ ಕಣದ ಬಳಿಯೂ ಬೇಡ, ಕುಯ್ಲಿನ ತಿಂಗಳುಗಳಲ್ಲಿ ಅಲ್ಲಿನ ಧೂಳು ಕೀಬೋರ್ಡಿನ ಸಂದುಗಳಿಗೆಲ್ಲ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕುಶಾಲನಗರದ ತಗ್ಗು ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ಆದಂತೆ ನೆರೆ ನೀರು ಹೊಕ್ಕ ಯಂತ್ರವಾದರೆ, ಬೋರ್ಡನ್ನು ಮೊದಲು ಶುದ್ಧ ನೀರಿನಿಂದ ತೊಳೆದು, ಚಿಪ್‌ಗಳ ಅಡಿಯ ಕೆಸರನ್ನು ಮೆದು ಬ್ರಷ್ಷಿನಿಂದ ತೆಗೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಯಿಸಿ ಒಣಗಿಸಬೇಕು. ಕೆಸರು ಉಳಿದ ಬೋರ್ಡು ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ತೇವವನ್ನು ಹೀರುತ್ತಲೇ ಇರುತ್ತದೆ.

ಎರಡು ಭಾಗಗಳನ್ನು ಕಣ್ಣಿಟ್ಟು ನೋಡಿ

ಮೊದಲನೆಯದು ಬ್ಯಾಟರಿ. 286ರಿಂದ 486ರವರೆಗಿನ ಅನೇಕ ಪಿಸಿ ಬೋರ್ಡುಗಳಲ್ಲಿ ಗಡಿಯಾರ ಮತ್ತು ಸೆಟಪ್ ವಿವರಗಳನ್ನು ಉಳಿಸಲು 3.6 ವೋಲ್ಟಿನ, ಉರುಟಾದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಸಾಮಾನ್ಯವಾಗಿ ಕೀಬೋರ್ಡ್ ಸಾಕೆಟ್ಟಿನ ಹತ್ತಿರವೇ ಇರುವ ಅದರ ತುದಿಯಲ್ಲಿ ಬಿಳಿ, ಹಸಿರು ಹರಳಿನಂತಹ ಪುಡಿ ಕಂಡರೆ ಸೋರಿಕೆ ಶುರುವಾಗಿದೆ ಎಂದರ್ಥ. ಸೋರುವ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ; ಅದು ಹಸಿರು ಲೇಪನದ ಅಡಿಯಲ್ಲಿ ತಾಮ್ರದ ಗೆರೆಗಳಗುಂಟ ತೆವಳಿ ಒಂದು ಅಂಗುಲ ಆಚೆಗಿನ ಚಿಪ್ಪಿನ ಕಾಲುಗಳವರೆಗೂ ಹೋಗಿರುತ್ತದೆ. ಗೆರೆ ಹೊಳಪು ಕಳೆದುಕೊಂಡು ಕಪ್ಪಾಗಿದ್ದಲ್ಲೆಲ್ಲ ಕ್ಷಾರ ಮುಟ್ಟಿದೆ ಎಂದೇ ತಿಳಿಯಿರಿ.

ಬ್ಯಾಟರಿಯನ್ನು ಕೂಡಲೇ ಕತ್ತರಿಸಿ ತೆಗೆಯಿರಿ, ಸೋರದಿದ್ದರೂ ತೆಗೆಯಿರಿ. ಕೈಗವಸು ತೊಟ್ಟು, ಅಡುಗೆಗೆ ಬಳಸುವ ಬಿಳಿ ವಿನೆಗರನ್ನು ಇಯರ್ ಬಡ್‌ನಿಂದ ಹಚ್ಚಿ. ನೊರೆ ನಿಲ್ಲುವ ತನಕ ಹಚ್ಚಿ ಒರೆಸುತ್ತ ಹೋಗಿ. ನಮ್ಮ ಮನೆಗಳಲ್ಲಿ ಹಂದಿ ಮಾಂಸಕ್ಕೆ ಬಳಸುವ ಕಾಚಂಪುಳಿ ಇದಕ್ಕೆ ಬೇಡ. ಅದರ ಜಿಗುಟು ಬೋರ್ಡಿನಲ್ಲಿ ಉಳಿಯುತ್ತದೆ. ನಂತರ ಡಿಸ್ಟಿಲ್ಡ್ ನೀರು, ಅದರ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ಒಣಗಿದ ಮೇಲೆ ಕಪ್ಪಾದ ಪ್ರತಿಯೊಂದು ಗೆರೆಯನ್ನೂ ಮಲ್ಟಿಮೀಟರಿನ ಬೀಪ್ ಸದ್ದಿನಲ್ಲಿ ಪರೀಕ್ಷಿಸಿ, ಕಡಿದುಹೋದಲ್ಲಿ ತೆಳುವಾದ ಎನಾಮಲ್ ತಂತಿಯಿಂದ ಸೇತುವೆ ಕಟ್ಟಿ.

ಎರಡನೆಯದು ಪವರ್ ಸಪ್ಲೈಯೊಳಗಿನ ಒಂದು ಚಿಕ್ಕ ಕೆಪ್ಯಾಸಿಟರ್, ಅಂದರೆ ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಭಾಗ. ಬಿಬಿಸಿ ಮೈಕ್ರೋ ಮುಂತಾದ 1980ರ ದಶಕದ ಯಂತ್ರಗಳಲ್ಲಿ, ಕರೆಂಟು ಒಳಬರುವಲ್ಲೇ, ಜೇನು ಬಣ್ಣದ ಪಾರದರ್ಶಕ ಕವಚದ ‘ರೀಫಾ’ ಕೆಪ್ಯಾಸಿಟರ್‌ಗಳಿರುತ್ತವೆ. ಲೋಹದ ಲೇಪನವಿರುವ ಕಾಗದವನ್ನು ಸುತ್ತಿ ಎಪಾಕ್ಸಿಯಲ್ಲಿ ಎರಕ ಹೊಯ್ದ ಭಾಗವಿದು. ಕಾಲಕ್ರಮೇಣ ಕವಚದಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ, ಟಾರ್ಚ್ ಹಿಡಿದು ನೋಡಿದರೆ ಮೈಯೆಲ್ಲ ಬಲೆ ಹೆಣೆದಂತೆ ಕಾಣುತ್ತದೆ. ಆ ಬಿರುಕಿನಿಂದ ಒಳಹೊಕ್ಕ ತೇವವನ್ನು ಕಾಗದ ಹೀರಿಕೊಳ್ಳುತ್ತದೆ. ಯಂತ್ರಕ್ಕೆ 230 ವೋಲ್ಟ್ ಕೊಟ್ಟ ಕೆಲವು ನಿಮಿಷಗಳಲ್ಲಿ ಅದು ಸದ್ದಿನೊಂದಿಗೆ ಒಡೆದು, ಕೋಣೆ ತುಂಬ ದಟ್ಟವಾದ, ಕೆಟ್ಟ ವಾಸನೆಯ ಹೊಗೆ ಬಿಡುತ್ತದೆ. ಒಣ ಪ್ರದೇಶದಲ್ಲೇ ಹೀಗಾಗುವ ಭಾಗ ಕೊಡಗಿನಲ್ಲಿ ಉಳಿದಿರಲು ಸಾಧ್ಯವೇ ಇಲ್ಲವೆಂದು ಭಾವಿಸಿ, ಪರೀಕ್ಷೆಯ ಗೋಜಿಗೆ ಹೋಗದೆ ಬದಲಿಸಿ. ಬಿಬಿಸಿ ಮೈಕ್ರೋದಲ್ಲಿ 0.1 ಮತ್ತು 0.01 ಮೈಕ್ರೋಫ್ಯಾರಡ್‌ನವು ಬೇಕು; ಅದೇ ಅಳತೆಯ, ‘ಎಕ್ಸ್2’ ಎಂಬ ಸುರಕ್ಷತಾ ದರ್ಜೆಯ ಗುರುತಿರುವ, 275 ವೋಲ್ಟ್ ಎಸಿ ತಡೆಯುವ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪ್ಯಾಸಿಟರನ್ನೇ ಹಾಕಿ. ಮೈಸೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ.

ಜೀವಕ್ಕೆ ಅಪಾಯ ಇರುವಲ್ಲಿ

ಪವರ್ ಸಪ್ಲೈಯ ದೊಡ್ಡ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿಯುತ್ತದೆ. ಮೀಟರ್ ಹಿಡಿದು ಅದು ಇಳಿದಿದೆಯೆಂದು ಖಾತ್ರಿ ಮಾಡಿಕೊಳ್ಳದೆ ಒಳಗೆ ಕೈ ಹಾಕಬೇಡಿ. ಪಿಕ್ಚರ್ ಟ್ಯೂಬ್ ಇರುವ ಟಿವಿ, ಮಾನಿಟರ್‌ಗಳ ಒಳಗೆ 20 ಸಾವಿರ ವೋಲ್ಟ್ ಮೀರಿದ ಒತ್ತಡವಿರುತ್ತದೆ. ಆ ಕೆಲಸವನ್ನು ಹಳೆಯ ಟಿವಿ ಮೆಕ್ಯಾನಿಕ್‌ಗೇ ಬಿಡಿ. ಪಟ್ಟಣಗಳಲ್ಲಿ ಅಂಥವರು ಇನ್ನೂ ಇದ್ದಾರೆ. ಅವರ ಪಕ್ಕ ಒಂದು ಮಧ್ಯಾಹ್ನ ಕುಳಿತರೆ ಯಾವ ಪುಸ್ತಕದಲ್ಲೂ ಸಿಗದಷ್ಟು ಕಲಿಯಬಹುದು.

ಕರೆಂಟು ಕೊಡುವ ಹಂತ

ಯಂತ್ರಕ್ಕಿಂತ ಮೊದಲು ಮನೆಯ ವೈರಿಂಗನ್ನು ನೋಡಬೇಕು. ಮುಖ್ಯ ಲೈನಿನಿಂದ ದೂರವಿರುವ ತೋಟದ ಮನೆಗಳಲ್ಲಿ ವೋಲ್ಟೇಜ್ ಏರಿಳಿಯುತ್ತದೆ. ಅರ್ತಿಂಗ್ ಹಾಕಿ ಎಷ್ಟೋ ವರ್ಷ ಕಳೆದಿರುತ್ತದೆ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ತಿಂಗ್ ಪರೀಕ್ಷಿಸಿ, ಕೆಲಸದ ಮೇಜಿಗೆ ಸ್ಟೆಬಿಲೈಸರ್ ಇಡಿ. ಸ್ಕ್ವೇರ್ ವೇವ್ ಇನ್ವರ್ಟರಿನಿಂದ ಹಳೆಯ ಕನ್ಸೋಲ್‌ಗಳ ಟ್ರಾನ್ಸ್‌ಫಾರ್ಮರ್ ಅಡಾಪ್ಟರುಗಳನ್ನು ಓಡಿಸಬೇಡಿ, ಅವು ಗುಂಯ್‌ಗುಟ್ಟಿ ಕಾಯುತ್ತವೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿಯ ಹೂವರಳಿಸುವ ಹೂಮಳೆ ಬರುವ ಸೂಚನೆ ಕಂಡ ಕೂಡಲೇ ಪ್ಲಗ್ ಮತ್ತು ಆಂಟೆನಾ ವೈರು ಎರಡನ್ನೂ ಕೀಳಬೇಕು. ಸ್ವಿಚ್ ಆರಿಸಿದರೆ ಸಿಡಿಲು ನಿಲ್ಲುವುದಿಲ್ಲ.

ಪವರ್ ಸಪ್ಲೈಯನ್ನು ಮದರ್‌ಬೋರ್ಡಿನಿಂದ ಬೇರ್ಪಡಿಸಿ, ಅದೊಂದನ್ನೇ ಮೊದಲು ಪರೀಕ್ಷಿಸಿ. ಟಿವಿ ಮೆಕ್ಯಾನಿಕ್‌ಗಳು ಬಳಸುವ ಸೀರೀಸ್ ಬೋರ್ಡ್ ಇದಕ್ಕೆ ತಕ್ಕ ಸಾಧನ: 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಫೇಸ್ ವೈರಿನ ಸರಣಿಯಲ್ಲಿ ಸೇರಿಸಿದ ಬೋರ್ಡು. ಬಲ್ಬು ಒಮ್ಮೆ ಮಿನುಗಿ ಮಂದವಾದರೆ ನೆಮ್ಮದಿ. ಪೂರ್ಣ ಬೆಳಕಿನಿಂದ ಉರಿದರೆ ಒಳಗೆ ಶಾರ್ಟ್ ಇದೆ. ಕೆಲವು ಎಸ್‌ಎಂಪಿಎಸ್‌ಗಳು (ಪಿಸಿಯ ಪವರ್ ಸಪ್ಲೈಗಳು) ಸೀರೀಸ್ ಬಲ್ಬಿನ ಮೂಲಕ ಪೂರ್ತಿ ಚಾಲೂ ಆಗದೆ ಬಲ್ಬು ಮಿಣುಕುವುದುಂಟು, ಅದನ್ನು ದೋಷವೆಂದು ತಿಳಿಯಬೇಕಿಲ್ಲ. ಹಳೆಯ ಎಸ್‌ಎಂಪಿಎಸ್‌ಗಳು ಹೊರೆಯಿಲ್ಲದೆ ಸರಿಯಾದ ವೋಲ್ಟೇಜ್ ಕೊಡುವುದಿಲ್ಲವಾದ್ದರಿಂದ 5 ವೋಲ್ಟಿನ ಕೆಂಪು ವೈರಿಗೂ ಕಪ್ಪು ವೈರಿಗೂ ನಡುವೆ ಕಾರಿನ 12 ವೋಲ್ಟಿನ ಬಲ್ಬನ್ನು ಸೇರಿಸಿ, ಆಮೇಲೆ ಅಳೆಯಿರಿ. 5 ವೋಲ್ಟಿನ ಸಾಲು 4.75 ಮತ್ತು 5.25ರ ನಡುವೆ ಇರಬೇಕು. 286–486 ಕಾಲದ ‘ಎಟಿ’ ಮಾದರಿಯ ಪಿಸಿಗಳಲ್ಲಿ ಬೋರ್ಡಿಗೆ ಹೋಗುವ ಕನೆಕ್ಟರ್‌ಗಳು ಎರಡು. ಅವನ್ನು ಮತ್ತೆ ಸಿಕ್ಕಿಸುವಾಗ ಎರಡರ ಕಪ್ಪು ವೈರುಗಳೂ ನಡುವೆ ಒಟ್ಟಿಗೆ ಬರಬೇಕು. ಅದಲುಬದಲಾದರೆ ಬೋರ್ಡು ಸುಡುತ್ತದೆ.

ಕನ್ಸೋಲ್ ಮತ್ತು ಹೋಮ್ ಕಂಪ್ಯೂಟರುಗಳ ವಿಷಯದಲ್ಲಿ ಅಡಾಪ್ಟರೇ ಮುಖ್ಯ. ಸ್ಪೆಕ್ಟ್ರಮ್‌ಗೆ 9 ವೋಲ್ಟಿನ, ಪಿನ್ನಿನ ಒಳಭಾಗ ನೆಗೆಟಿವ್ ಇರುವ ಅಡಾಪ್ಟರ್ ಬೇಕು. ಇಂದು ಅಂಗಡಿಯಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಒಳಭಾಗ ಪಾಸಿಟಿವ್ ಆದವು. ಫ್ಯಾಮಿಕಾಮ್ ನಕಲುಗಳಲ್ಲಿ ಇದು ಒಂದರಿಂದ ಒಂದಕ್ಕೆ ಬೇರೆಯಾಗುವುದರಿಂದ ಬೋರ್ಡಿನ ಗೆರೆಯನ್ನು ಹಿಂಬಾಲಿಸಿ ಖಚಿತಪಡಿಸಿಕೊಳ್ಳಿ. 1980ರ ದಶಕದ ಹೋಮ್ ಕಂಪ್ಯೂಟರ್ ಆದ ಕಮೊಡೋರ್ 64ರ ಮೂಲ ಅಡಾಪ್ಟರನ್ನು ಮಾತ್ರ ಬಳಸಲೇಬೇಡಿ. ಅದು ಕೆಟ್ಟಾಗ 5 ವೋಲ್ಟಿನ ಸಾಲಿನಲ್ಲಿ ಹೆಚ್ಚು ವೋಲ್ಟೇಜ್ ಹರಿಸಿ ರ‍್ಯಾಮ್ ಚಿಪ್‌ಗಳನ್ನು ಕೊಲ್ಲುತ್ತದೆ. ಅಮೆರಿಕದಿಂದಲೋ ಜಪಾನಿನಿಂದಲೋ ಬಂದ ಯಂತ್ರಕ್ಕೆ 110 ಅಥವಾ 100 ವೋಲ್ಟಿನ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಕರೆಂಟು ಕೊಡುವಂತಿಲ್ಲ.

ಬೋರ್ಡಿನ ದುರಸ್ತಿ

ಸರಿಯಾದ ವೋಲ್ಟೇಜ್ ಬಂದರೂ ಯಂತ್ರ ಏಳದಿದ್ದರೆ ಚಿಪ್‌ಗಳ ಸಾಕೆಟ್ಟುಗಳನ್ನೇ ಮೊದಲು ಶಂಕಿಸಿ. ನಮ್ಮ ಹವೆಯಲ್ಲಿ ಚಿಪ್ಪಿನ ಬೆಳ್ಳಿ ಲೇಪಿತ ಕಾಲುಗಳು ಕಪ್ಪಾಗಿ ಸಂಪರ್ಕ ತಪ್ಪುತ್ತವೆ. ಚಿಪ್ಪನ್ನು ಎರಡೂ ಬದಿಯಿಂದ ಸಮನಾಗಿ ಎತ್ತಿ, ಕಾಲುಗಳನ್ನು ಆಲ್ಕೊಹಾಲಿನಿಂದ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಮತ್ತೆ ಕೂರಿಸಿ. ಇಷ್ಟರಿಂದಲೇ ಎದ್ದು ನಿಲ್ಲುವ ಯಂತ್ರಗಳು ಕಡಿಮೆಯಲ್ಲ. ಕೀಲು, ಬೋಲ್ಟುಗಳಿಗೆ ಸಿಂಪಡಿಸುವ ತುಕ್ಕುನಿವಾರಕ ಸ್ಪ್ರೇಯನ್ನು ಬೋರ್ಡಿಗೆ ಬಳಸಬೇಡಿ, ಅದರ ಎಣ್ಣೆಯಂಶ ಧೂಳನ್ನು ಹಿಡಿಯುತ್ತದೆ.

ಸ್ಪೆಕ್ಟ್ರಮ್‌ನ ಕೆಳಗಿನ 16 ಕೆಬಿಯ 4116 ರ‍್ಯಾಮ್ ಚಿಪ್‌ಗಳಿಗೆ ಪ್ಲಸ್ 5, ಪ್ಲಸ್ 12, ಮೈನಸ್ 5 ವೋಲ್ಟ್ ಮೂರೂ ಬೇಕು. ಮೈನಸ್ 5 ತಪ್ಪಿ ಉಳಿದೆರಡು ಬರುತ್ತಿದ್ದರೆ ಚಿಪ್‌ಗಳು ಹಾಳಾಗುತ್ತವೆ; ಆದ್ದರಿಂದ ಚಾಲೂ ಮಾಡಿದ ಕೂಡಲೇ ಮೂರನ್ನೂ ಅಳೆದು, ಒಂದು ಇಲ್ಲದಿದ್ದರೂ ತಕ್ಷಣ ಆರಿಸಿ. ಬೆಸುಗೆಗೆ ತಾಪ ನಿಯಂತ್ರಣವಿರುವ ಐರನ್ ಇರಲಿ, 330ರಿಂದ 350 ಡಿಗ್ರಿ ಸೆಲ್ಸಿಯಸ್ ಸಾಕು. ಹಳೆಯ ಬೋರ್ಡಿನ ತಾಮ್ರದ ಪ್ಯಾಡುಗಳು ಸುಲಭವಾಗಿ ಕಳಚುವುದರಿಂದ ಹಳೆಯ ಬೆಸುಗೆಗೆ ಸ್ವಲ್ಪ ಹೊಸ ಸೀಸದ ಸೋಲ್ಡರ್ ಬೆರೆಸಿ ಕರಗಿಸಿ, ಆಮೇಲೆ ಪಂಪಿನಿಂದ ಹೀರಿ. ಕಾಲು ತಾನಾಗಿ ಸಡಿಲವಾಗದೆ ಎಳೆಯಬೇಡಿ.

ಕಾರ್ಟ್ರಿಜ್, ಕಂಟ್ರೋಲರ್, ಪರದೆ

ಕಾರ್ಟ್ರಿಜ್ ಓಡದಿದ್ದಾಗ ಬಾಯಿಂದ ಊದುವ ಅಭ್ಯಾಸ ನಮ್ಮ ತಲೆಮಾರಿನ ಎಲ್ಲರಿಗೂ ಇತ್ತು. ಉಸಿರಿನ ತೇವ ಆ ತಾಮ್ರದ ಪಟ್ಟಿಗಳಿಗೆ ಕೆಡುಕು. ಇಯರ್ ಬಡ್‌ಗೆ ಆಲ್ಕೊಹಾಲ್ ಹಚ್ಚಿ, ಬಡ್ ಬೆಳ್ಳಗೆ ಬರುವ ತನಕ ಒರೆಸಿ; ಮರಳು ಕಾಗದ ತಾಗಿಸಬೇಡಿ. ಫ್ಯಾಮಿಕಾಮ್ ಮತ್ತು ಅದರ ನಕಲುಗಳ ಕಾರ್ಟ್ರಿಜ್‌ಗೆ 60 ಪಿನ್, ನಿಂಟೆಂಡೊದ ಅಮೆರಿಕ–ಯುರೋಪಿನ ಕನ್ಸೋಲ್ ಆದ ಎನ್‌ಇಎಸ್‌ಗೆ 72 ಪಿನ್. ಅಡಾಪ್ಟರ್ ಇಲ್ಲದೆ ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಆಟದ ಪ್ರಗತಿಯನ್ನು ಉಳಿಸುವ ಕಾರ್ಟ್ರಿಜ್‌ಗಳೊಳಗೆ ಸಿಆರ್2032, ಸಿಆರ್2025, ಸಿಆರ್1616ನಂತಹ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ತೆಗೆದ ಕ್ಷಣವೇ ಉಳಿಸಿದ್ದು ಅಳಿಸಿಹೋಗುವುದರಿಂದ, ಯಾರದೋ ಬಾಲ್ಯದ ಆಟ ಅದರಲ್ಲಿದ್ದರೆ ಮೊದಲು ರೀಡರ್ ಸಾಧನದಿಂದ ಪ್ರತಿ ಮಾಡಿಕೊಳ್ಳಿ.

ಪರದೆಗೆ ಪಿಕ್ಚರ್ ಟ್ಯೂಬ್ ಇರುವ ಟಿವಿಯೇ ಉತ್ತಮ. ಹಕ್ಕಿ ಹೊಡೆಯುವ ಆಟದ ಲೈಟ್ ಗನ್ ಎಲ್‌ಇಡಿ ಟಿವಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಬ್ರಿಟನ್ನಿನ ಯಂತ್ರಗಳ ಆಂಟೆನಾ ಸಂಕೇತದಲ್ಲಿ ಚಿತ್ರ ಮತ್ತು ಧ್ವನಿಯ ಅಂತರ 6 ಮೆಗಾಹರ್ಟ್ಸ್, ನಮ್ಮ ಟಿವಿಗಳಲ್ಲಿ 5.5, ಹಾಗಾಗಿ ಅಲ್ಲಿಂದ ಬಂದ ಕಮೊಡೋರ್‌ನಲ್ಲಿ ಚಿತ್ರ ಬಂದು ಧ್ವನಿ ಬಾರದಿದ್ದರೆ ಯಂತ್ರ ಕೆಟ್ಟಿದೆಯೆಂದು ಬಿಚ್ಚಬೇಡಿ. ಆಡಿಯೊ–ವಿಡಿಯೊ ಕೇಬಲ್ ಮಾಡಿಸಿಕೊಂಡರೆ ಸಮಸ್ಯೆ ಮುಗಿಯುತ್ತದೆ.

ಫ್ಲಾಪಿ ಮತ್ತು ಕ್ಯಾಸೆಟ್

ಈ ಇಡೀ ಕೆಲಸದಲ್ಲಿ ಅತ್ಯಂತ ತುರ್ತಾದದ್ದು ಇದು. ಯಂತ್ರ ಹತ್ತು ವರ್ಷ ಕಾಯಬಹುದು, ಬೂಷ್ಟು ಹಿಡಿದ ಫ್ಲಾಪಿ ಇನ್ನೊಂದು ಮಳೆಗಾಲಕ್ಕೆ ಉಳಿಯುತ್ತದೆಂಬ ಭರವಸೆಯಿಲ್ಲ.

ಫ್ಲಾಪಿಯ ಕಿಟಕಿಯಿಂದ ಡಿಸ್ಕನ್ನು ಬೆಳಕಿಗೆ ಹಿಡಿದು ತಿರುಗಿಸಿ. ಬೂದು ಚುಕ್ಕೆಗಳು ಕಂಡರೆ ಡ್ರೈವಿಗೆ ಹಾಕಬೇಡಿ. ಬೂಷ್ಟು ಡ್ರೈವಿನ ಓದುವ ಹೆಡ್ಡಿಗೆ ಅಂಟಿ, ಡಿಸ್ಕಿನ ಕಾಂತೀಯ ಲೇಪನವನ್ನೇ ಕೆರೆದು ಹಾಕುತ್ತದೆ, ಜೊತೆಗೆ ನಂತರ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಕೆಡಿಸುತ್ತದೆ. 5.25 ಅಂಗುಲದ ಫ್ಲಾಪಿಯ ಒಂದು ಅಂಚನ್ನು ಕತ್ತರಿಯಿಂದ ಬಿಡಿಸಿ, ತೆಳುವಾದ ಡಿಸ್ಕನ್ನು ಹೊರತೆಗೆದು, ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಬೆರಳಿನಿಂದ ಮೆಲ್ಲಗೆ ತೊಳೆಯಿರಿ. ಶುದ್ಧ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ನಾರು ಬಿಡದ ಬಟ್ಟೆಯ ಮೇಲೆ ಒಣಗಿಸಿ, ಬೇಡದ ಫ್ಲಾಪಿಯೊಂದರ ಶುಭ್ರವಾದ ಕವಚದೊಳಗೆ ಸೇರಿಸಿ ಓದಿಸಿ. ಪ್ರತಿ ಫ್ಲಾಪಿಯ ನಂತರವೂ ಡ್ರೈವಿನ ಹೆಡ್ಡನ್ನು ಆಲ್ಕೊಹಾಲಿನಿಂದ ಒರೆಸಿ.

ಓದುವುದಕ್ಕೆ ಗ್ರೀಸ್‌ವೀಝಲ್‌ನಂತಹ ಯುಎಸ್‌ಬಿ ಸಾಧನ ಉತ್ತಮ. ಅದು ಡಿಸ್ಕಿನ ಕಾಂತೀಯ ಬದಲಾವಣೆಗಳನ್ನೇ ದಾಖಲಿಸುವುದರಿಂದ ಹಾಳಾದ ಭಾಗಗಳನ್ನು ಆಮೇಲೆ ಸಾವಧಾನವಾಗಿ ಬಿಡಿಸಬಹುದು. 360 ಕೆಬಿಯ ಫ್ಲಾಪಿಯ ಮೇಲೆ 1.2 ಎಂಬಿಯ ಡ್ರೈವಿನಲ್ಲಿ ಬರೆಯಬೇಡಿ. ಅದರ ಹೆಡ್ಡು ಕಿರಿದಾದ್ದರಿಂದ ಹಳೆಯ ಡ್ರೈವುಗಳಿಗೆ ಅದು ಓದಲು ಬಾರದಂತಾಗುತ್ತದೆ. ಕ್ಯಾಸೆಟ್‌ಗಳನ್ನು ಒಳ್ಳೆಯ ಡೆಕ್‌ನಿಂದ ಡಬ್ಲ್ಯೂಎವಿ ಕಡತವಾಗಿ ದಾಖಲಿಸಿ. ಲೋಡ್ ಆಗದಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು, ಸದ್ದು ಅತಿ ತೀಕ್ಷ್ಣವಾಗುವ ಬಿಂದುವಿಗೆ ಬರುವಂತೆ, ಎಳ್ಳಷ್ಟು ತಿರುಗಿಸಿ.

ಕನ್ನಡ ಕಡತಗಳು ಸಿಕ್ಕರೆ ಜೊತೆಗಿರುವ ಫಾಂಟ್‌ಗಳನ್ನೂ ತಪ್ಪದೆ ಉಳಿಸಿ. ಯೂನಿಕೋಡ್ ಬರುವ ಮುಂಚಿನ ಡಿಟಿಪಿ ಕಡತ ತನ್ನ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಜಿಸ್ಟ್ ಕಾಲದವು 1991ರಲ್ಲಿ ಭಾರತೀಯ ಮಾನಕವಾದ ‘ಇಸ್ಕಿ’ ಸಂಕೇತದಲ್ಲಿರಬಹುದು, ಅವನ್ನು ಯೂನಿಕೋಡ್‌ಗೆ ತಿರುಗಿಸುವುದು ಕಷ್ಟವಲ್ಲ.

ಹಳದಿಯಾದ ಪ್ಲಾಸ್ಟಿಕ್

ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಪ್ಲಾಸ್ಟಿಕ್ಕನ್ನು ಬೆಳ್ಳಗೆ ಮಾಡುವ ಕ್ರಮ ಜನಪ್ರಿಯ. ಕೂದಲಿಗೆ ಬಣ್ಣ ಹಚ್ಚುವ ಮುನ್ನ ಬಳಸುವ 12 ಪ್ರತಿಶತದ ಕ್ರೀಮು ಪಾರ್ಲರ್ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ, ಜನವರಿ–ಫೆಬ್ರವರಿಯ ಬಿಸಿಲು ಸಾಕಾಗುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಆದರೆ ಹಳದಿ ಬಣ್ಣ ಕಾಲಾಂತರದಲ್ಲಿ ಮರಳುವುದುಂಟು, ಕ್ರೀಮು ಒಣಗಿದಲ್ಲಿ ಕಲೆ ಉಳಿಯುವುದುಂಟು. ಯಂತ್ರ ಓಡುವಂತಾಗುವ ತನಕ ಇದಕ್ಕೆ ಸಮಯ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟೋ ಯಂತ್ರಗಳನ್ನು ಹಳದಿಯಾಗಿಯೇ ಬಿಡಬಹುದು.

ಮಳೆಗೆ ಮುನ್ನ ಕಟ್ಟಿಡುವುದು

ಮೇ ತಿಂಗಳ ಕೊನೆಯೊಳಗೆ ಎಲ್ಲವನ್ನೂ ಒಣಗಿಸಿ ಮುಚ್ಚಿಡಬೇಕು. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಸಿಲಿಕಾ ಜೆಲ್ ಹಾಕಿ, ಒಂದು ಚಿಕ್ಕ ತೇವಮಾಪಕ ಇಡಿ. ಮುಳ್ಳು 40ರಿಂದ 50 ಪ್ರತಿಶತದ ನಡುವೆ ನಿಲ್ಲಬೇಕು. ಸಿಲಿಕಾ ಜೆಲ್ಲಿನ ಕಿತ್ತಳೆ ಬಣ್ಣ ಹಸಿರಾದಾಗ ಓಟಿಜಿ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ಮತ್ತೆ ಬಳಸಿ. ಥರ್ಮೊಕೋಲ್ ಮತ್ತು ವೈರು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ವರ್ಷಗಳಾದಂತೆ ಅವು ಕರಗಿ ಅಂಟಿಕೊಳ್ಳುತ್ತವೆ. ರಟ್ಟಿನ ಮೂಲ ಪೆಟ್ಟಿಗೆಗಳನ್ನೂ ಕೈಪಿಡಿಗಳನ್ನೂ ಬೇರೆಯಾಗಿ, ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇರಿಸಿ. ದೊಡ್ಡ ಪಿಸಿ, ಟಿವಿಗಳಿಗೆ ಪೆಟ್ಟಿಗೆ ಸಾಲದು. ಬಾಗಿಲಿರುವ ಕಪಾಟಿನೊಳಗೆ ಇಟ್ಟು, ವಸ್ತುಗಳಿಗೆ ತಾಗದಂತೆ ಕೆಳಭಾಗದಲ್ಲಿ 15 ವ್ಯಾಟಿನ ಫಿಲಮೆಂಟ್ ಬಲ್ಬೊಂದನ್ನು ಉರಿಸಿದರೆ ಬೂಷ್ಟು ಬರುವುದಿಲ್ಲ. ಬ್ಯಾಟರಿ ಇರುವ ಯಾವುದನ್ನೂ ಬ್ಯಾಟರಿ ಸಮೇತ ಕಟ್ಟಿಡಬೇಡಿ. ಜುಲೈನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಮಳೆ ಬಿಡುವು ಕೊಟ್ಟ ದಿನ ತೇವಮಾಪಕವನ್ನು ನೋಡಿ.

ದುರಸ್ತಿಗೆ ಬಾರದವು

ಸಂಪೂರ್ಣ ಕೆಟ್ಟ ಬೋರ್ಡಿನಿಂದ ಸಾಕೆಟ್ಟಿನಲ್ಲಿರುವ ಚಿಪ್‌ಗಳು, ಕೀಗಳು, ಕನೆಕ್ಟರ್‌ಗಳು, ಸ್ಕ್ರೂಗಳನ್ನು ತೆಗೆದು, ಯಾವ ಯಂತ್ರದ್ದೆಂದು ಬರೆದು ಡಬ್ಬಿಗಳಲ್ಲಿ ಇಡಿ. ಉಳಿದುದನ್ನು ಗೊಬ್ಬರದ ಗುಂಡಿಗೆ ಹಾಕುವುದಾಗಲಿ ತೋಟದ ಮೂಲೆಯಲ್ಲಿ ಸುಡುವುದಾಗಲಿ ಕೂಡದು. ಬೆಸುಗೆಯ ಸೀಸ ಮತ್ತು ಬ್ಯಾಟರಿಯ ಕ್ಯಾಡ್ಮಿಯಂ ಮಣ್ಣಿಗೆ ಇಳಿದರೆ ನಮ್ಮ ಹೊಳೆ, ತೊರೆಗಳಿಗೇ ಸೇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂತಹ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೇ ತಲುಪಬೇಕು. ಬ್ಯಾಟರಿಗಳನ್ನು ಬೇರೆ ಡಬ್ಬಿಯಲ್ಲಿ, ತುದಿಗಳಿಗೆ ಟೇಪ್ ಅಂಟಿಸಿ ಕೂಡಿಟ್ಟು, ಮೈಸೂರಿಗೋ ಬೆಂಗಳೂರಿಗೋ ಹೋಗುವಾಗ ಅಲ್ಲಿನ ನೋಂದಾಯಿತ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ.